ಮನೆಯೆಲ್ಲ ಹಾಲು

ಕೌಸಲ್ಯಾ ಬರೆದದ್ದನ್ನು ಮೊದಲ ತಿಂಗಳು ಓದಿದವರು ಇಬ್ಬರು. ಅವರಲ್ಲಿ ಒಬ್ಬಳು ಕೌಸಲ್ಯಾನೇ. ಇನ್ನೊಬ್ಬರು ದಾದರಿನ ನೌಶೇರ್, ಅವರಿಗೆ ಕನ್ನಡ ಬರುತ್ತಿರಲಿಲ್ಲ.

ಇದು ತೊಂಬತ್ತೊಂದನೇ ಇಸವಿಯ ಮಾತು. ಮೈಸೂರಿನಿಂದ ಮದುವೆಯಾಗಿ ಬೊರಿವಲಿಗೆ ಬಂದ ಕೌಸಲ್ಯಾ ಭಾಂಡುಪಿನಲ್ಲಿ ಪಂಪು ತಯಾರಿಸುವ ಒಂದು ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದಳು. ಸಂಬಳದ ಲೆಕ್ಕ ರಜೆಯ ದಿನ ಕೆಟ್ಟು ಕೂತರೆ, ಅವಳು ಲೋಕಲ್ ಹಿಡಿದು ದಾದರಿನಲ್ಲಿ ಗಾಡಿ ಬದಲಿಸಿ ಭಾಂಡುಪ್ ಮುಟ್ಟುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು. ಹಾಗಾಗಿ ಕಂಪನಿಯವರು ಅವಳ ಮನೆಗೇ ಒಂದು ಫೋನ್ ಹಾಕಿಸಿ, ಒಂದು ಹಳೇ ಕಂಪ್ಯೂಟರನ್ನೂ, ಅದನ್ನು ಫೋನಿಗೆ ಜೋಡಿಸುವ ಮೋಡೆಮ್ ಎಂಬ ಡಬ್ಬಿಯನ್ನೂ ಕೊಟ್ಟಿದ್ದರು. ಆ ಡಬ್ಬಿ ತಾನೇ ನಂಬರ್ ತಿರುಗಿಸಿ, ಕೀಂ ಎಂದು ಕಿರುಚಿ, ಆ ತುದಿಯ ಕಂಪ್ಯೂಟರಿನ ಜೊತೆ ಮಾತಾಡುತ್ತಿತ್ತು. ಅಲ್ಲಿದ್ದ ಬರಹ ಪರದೆಯ ಮೇಲೆ ಸಾಲು ಸಾಲಾಗಿ ಇಳಿಯುತ್ತಿತ್ತು.

ಆ ಡಬ್ಬಿಯ ದೆಸೆಯಿಂದಲೇ ಅವಳಿಗೆ ನೌಶೇರ್ ಅವರ ಬೋರ್ಡ್ ಸಿಕ್ಕಿದ್ದು. ನೌಶೇರ್ ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದು ನಿವೃತ್ತರಾದ ಪಾರ್ಸಿ. ದಾದರಿನ ತಮ್ಮ ಮನೆಯಲ್ಲಿ ಒಂದು ಕಂಪ್ಯೂಟರನ್ನು ಫೋನಿಗೆ ಕಟ್ಟಿ, ನೋಟೀಸ್ ಬೋರ್ಡಿನ ಹಾಗೆ ಎಲ್ಲರಿಗೂ ತೆರೆದಿಟ್ಟು, ಅದಕ್ಕೆ ‘ಹಾರ್ಬರ್’ ಎಂದು ಹೆಸರಿಟ್ಟಿದ್ದರು. ಮೋಡೆಮ್ ಇರುವ ಯಾರಾದರೂ ಅದಕ್ಕೆ ಫೋನ್ ಮಾಡಿ ತಮಗೆ ಬೇಕಾದ್ದನ್ನು ಬರೆದು ಬಿಟ್ಟುಹೋಗಬಹುದಿತ್ತು. ಬೇರೆಯವರು ಬಂದು ಓದಿ, ಕೆಳಗೆ ತಮ್ಮದೊಂದು ಮಾತು ಸೇರಿಸಬಹುದಿತ್ತು. ಸಂಪಾದಕರಿಲ್ಲ, ‘ವಿಷಾದಿಸುತ್ತೇವೆ’ ಎಂಬ ಚೀಟಿಯಿಲ್ಲ. ಬೆಂಗಳೂರಿನ ವಾರಪತ್ರಿಕೆಗಳಿಗೆ ವರ್ಷಗಟ್ಟಲೆ ಹರಟೆ ಬರೆದು ಕಳಿಸಿ, ತಾನೇ ಸ್ಟಾಂಪು ಹಚ್ಚಿಟ್ಟ ಲಕೋಟೆ ತನಗೇ ವಾಪಸು ಬರುವುದನ್ನು ನೋಡಿ ನೋಡಿ ಬೇಸತ್ತಿದ್ದ ಕೌಸಲ್ಯಾಗೆ ದೇವರು ಕಣ್ಣು ಬಿಟ್ಟ ಹಾಗಾಯಿತು. ಕನ್ನಡಕ್ಕೆ ಒಂದು ಜಾಗ ಕೊಡಿ ಎಂದು ಕೇಳಿದಳು. ನೌಶೇರ್ ಸಂತೋಷದಿಂದ ‘ಕನ್ನಡ ಕಾರ್ನರ್’ ಮಾಡಿಕೊಟ್ಟರು.

ತೊಂದರೆಗಳು ಆಮೇಲೆ ಒಂದೊಂದಾಗಿ ಗೊತ್ತಾದವು. ಬೋರ್ಡಿಗೆ ಇದ್ದದ್ದು ಒಂದೇ ಲೈನ್. ಒಬ್ಬರು ಒಳಗಿದ್ದರೆ ಉಳಿದವರಿಗೆಲ್ಲ ಎಂಗೇಜ್ ಟೋನ್. ಅದೂ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮಾತ್ರ. ಹತ್ತರ ಮೇಲೆ ನೌಶೇರ್ ಅವರ ಅಕ್ಕನಿಗೆ ಫೋನ್ ಬೇಕಿತ್ತು. ಅಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲವಾದ್ದರಿಂದ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಇಷ್ಟೆಲ್ಲ ಮಾಡಿ ಬರೆದರೂ ಅಲ್ಲಿಗೆ ಬರುತ್ತಿದ್ದವರು ಕಂಪ್ಯೂಟರ್ ಹುಚ್ಚು ಹತ್ತಿದ ಹುಡುಗರು, ಫೋನಿನ ಮೇಲೆ ಚೆಸ್ ಆಡುವ ದೊಡ್ಡವರು. ಪ್ರತಿ ಬರಹದ ಪಕ್ಕ ಎಷ್ಟು ಜನ ಓದಿದರು ಎಂಬ ಸಂಖ್ಯೆ ಬರುತ್ತಿತ್ತು. ಕೌಸಲ್ಯಾಳ ಹರಟೆಗಳ ಪಕ್ಕ ಎರಡು ಎಂದಿರುತ್ತಿತ್ತು.

ಮನೆಯಲ್ಲಿ ಬೇರೆ ಗೋಳು. ಇಡೀ ಬಿಲ್ಡಿಂಗಿಗೆ ಫೋನ್ ಇದ್ದದ್ದು ಇವರಲ್ಲಿ ಮಾತ್ರ. ಕೆಳಗಿನ ಮನೆಯ ಮುಲ್ಕಿಯ ಸೇವಂತಿಗೆ ಊರಿನಿಂದ ಅಣ್ಣನ ಫೋನ್ ಬರುತ್ತಿದ್ದದ್ದೂ ಇಲ್ಲಿಗೇ. ಅತ್ತೆ ಅಮ್ಮಣ್ಣಿಯವರಿಗೆ ಆ ಫೋನಿನ ಮೇಲೆ ಇನ್ನಿಲ್ಲದ ಕಾಳಜಿ. ಲೈನ್ ಇದೆಯೋ ಹೋಯಿತೋ ಎಂದು ಆಗಾಗ ರಿಸೀವರ್ ಎತ್ತಿ ಕಿವಿಗಿಟ್ಟು ನೋಡುತ್ತಿದ್ದರು. ಕೌಸಲ್ಯಾ ಬೋರ್ಡಿನಲ್ಲಿರುವಾಗ ಎತ್ತಿದರೆ ಬರೆಯುತ್ತಿದ್ದದ್ದು ಅಲ್ಲಿಗೇ ತುಂಡು.

“ಅಮ್ಮ, ಎತ್ತಬೇಡಿ ಅಂದಿದ್ದೆನಲ್ಲ.”

“ಬೆಳಿಗ್ಗೆಯಿಂದ ಒಂದು ಸಲವೂ ಬಡಕೊಂಡಿಲ್ಲ, ಸತ್ತೇ ಹೋಯಿತೇನೋ ಅಂತ ನೋಡಿದೆ ಕಣೆ.”

“ನಾನು ಬರೀತಾ ಇದ್ದೆ.”

“ನೀನು ಬರೆಯೋದು ಆ ಟೀವಿಯಂಥದ್ದರಲ್ಲಿ. ನಾನು ಎತ್ತಿದ್ದು ಫೋನು.”

ಗಂಡ ಜಯಸಿಂಹ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿದ್ದ. ಹೆಂಡತಿಯ ಬರವಣಿಗೆಯನ್ನು ಬಂದವರ ಮುಂದೆ ಹೊಗಳುತ್ತಿದ್ದ.

“ನೀವು ಒಂದೂ ಓದಿಲ್ಲವಲ್ರೀ,” ಎಂದಳು ಒಮ್ಮೆ.

“ಓದಬೇಕೇನೆ? ದಿನಾ ಕೇಳ್ತಾ ಇಲ್ವ ನಾನು?”

ಓದುಗರು ಹೆಚ್ಚಬೇಕಾದರೆ ಏನು ಮಾಡಬೇಕು ಎಂದು ಕೊನೆಗೆ ನೌಶೇರ್ ಅವರನ್ನೇ ಕೇಳಿದಳು. ಅವರು ಎಲ್ಲರನ್ನೂ ಮಗು ಎನ್ನುವ ಅರ್ಥದಲ್ಲಿ ಡಿಕ್ರಾ ಎನ್ನುತ್ತಿದ್ದರು.

“ನೋಡು ಡಿಕ್ರಾ, ತಲೆಬರಹ ಜೋರಾಗಿರಲಿ. ವಾರ ತಪ್ಪಿಸಬೇಡ. ಬೇರೆಯವರದನ್ನೂ ಓದಿ ಏನಾದರೂ ಹೇಳು, ಆಗ ಅವರೂ ನಿನ್ನ ಕಡೆ ಬರ್ತಾರೆ.”

ಕೌಸಲ್ಯಾ ಹೇಳಿದ್ದೆಲ್ಲ ಮಾಡಿದಳು. ‘ಅಡುಗೆಮನೆಯ ಆಳ್ವಿಕೆ’ ಎಂಬ ಹರಟೆಗೆ ‘ಆರನೇ ನಂಬರ್ ಮನೆಯ ರಹಸ್ಯ’ ಎಂದು ಇಂಗ್ಲಿಷಿನಲ್ಲಿ ಹೊಸ ಹೆಸರು ಕೊಟ್ಟಳು. ಒಂದೇ ವಾರದಲ್ಲಿ ಓದಿದವರ ಸಂಖ್ಯೆ ಜಿಗಿಯಿತು. ಆದರೆ ಒಳಗೆ ಬಂದ ಹುಡುಗರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಇದೇನೋ ಗುಪ್ತ ಸಂಕೇತವಿರಬೇಕು, ಇದನ್ನು ನಾನು ಬಿಡಿಸುತ್ತೇನೆ ಎಂದು ಚೆಂಬೂರಿನ ಒಬ್ಬ ಹಠ ಹಿಡಿದ. ಇದು ಕನ್ನಡ ಎಂದು ಕೌಸಲ್ಯಾ ಕೆಳಗೆ ಬರೆದಳು. ಅವನು ನಂಬಲಿಲ್ಲ. ಮುಂದಿನ ಹರಟೆಗೆ ಸಂಖ್ಯೆ ಮತ್ತೆ ಎರಡಕ್ಕೇ ಇಳಿಯಿತು.

ಬೇರೆಯವರಿಗೆ ಒಂದು ಮಾತು ಹೇಳು ಎಂಬ ಸಲಹೆಯಿಂದ ಇನ್ನೂ ಕೆಟ್ಟದ್ದಾಯಿತು. ಮುಲುಂದಿನ ಒಬ್ಬರು ತಮ್ಮ ಪ್ರಿಂಟರ್ ಅರ್ಧ ಸಾಲಿಗೆ ನಿಂತುಬಿಡುತ್ತದೆ ಎಂದು ಗೋಳಾಡಿದ್ದರು. ಕೌಸಲ್ಯಾ ಪರಿಹಾರ ಬರೆದಳು. ಅದು ಫಲಿಸಿತು. ಅಂದಿನಿಂದ ಮುಂಬಯಿಯ ಪ್ರಿಂಟರುಗಳ ಕಾಯಿಲೆಯೆಲ್ಲ ಕನ್ನಡ ಕಾರ್ನರಿಗೆ ಬರತೊಡಗಿತು. ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಸೊಪ್ಪು ಸೋಸುವ ಹೆಂಗಸರ ಬಗ್ಗೆ ಅವಳು ಎರಡು ವಾರ ತಿದ್ದಿ ಬರೆದ ಹರಟೆಯನ್ನು ತೆರೆದೂ ನೋಡದೆ ಅದರ ಕೆಳಗೆ ಒಬ್ಬ ಕೇಳಿದ: ಮೇಡಂ, ಕಾಗದ ಸಿಕ್ಕಿಕೊಂಡರೆ ಏನು ಮಾಡಬೇಕು? ಹರಿದು ಹಾಕಿ ಎಂದು ಬರೆದು, ಮನಸ್ಸು ತಡೆಯದೆ ಅಳಿಸಿ, ಸರಿಯಾದ ಉತ್ತರವನ್ನೇ ಕೊಟ್ಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ, ಪ್ರಿಂಟರಿನ ಪ್ರಶ್ನೆಗಳ ನಡುವೆ ಬೇರೆ ಥರದ ಎರಡು ಸಾಲು ಕಂಡವು. ಇಂಗ್ಲಿಷ್ ಅಕ್ಷರ, ಆದರೆ ಕನ್ನಡ.

“ಭಾಳ ಚಲೋ ಬರದೀರಿ ಅಕ್ಕಾರ. ಮುಂದಿನ ವಾರ ಅಮ್ಮಣ್ಣಿಯವರು ಏನ್ ಮಾಡಿದ್ರು ತಿಳಸ್ರಿ. ಇತಿ, ಮುರಿಗೆಪ್ಪ, ಆಂಟಾಪ್ ಹಿಲ್.”

ಕೌಸಲ್ಯಾ ಅದನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದಳೆಂದರೆ ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂದಾಗಲೇ ಎದ್ದದ್ದು. ಅವಳ ಹರಟೆಗಳ ನಾಯಕಿ ಅತ್ತೆಯೇ. ಹೇಗೂ ಯಾರು ಓದುತ್ತಾರೆ ಎಂಬ ಧೈರ್ಯದಲ್ಲಿ ಹೆಸರನ್ನು ಕೂಡ ಬದಲಿಸಿರಲಿಲ್ಲ.

ಮುರಿಗೆಪ್ಪ ವಿಜಾಪುರದ ಕಡೆಯವರು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ದಿಲ್ಲಿಗೆ ಅಂಕಿಅಂಶ ಕಳಿಸಲೆಂದು ಕಚೇರಿಗೆ ಬಂದಿದ್ದ ಕಂಪ್ಯೂಟರ್ ಅವರ ಸುಪರ್ದಿಯಲ್ಲಿತ್ತು. ಬೆಳಿಗ್ಗೆ ಬೇಗ ಹೋಗಿ, ಕಚೇರಿ ತುಂಬುವ ಮೊದಲು ಹಾರ್ಬರ್ ಬೋರ್ಡ್ ನೋಡುತ್ತಿದ್ದರು. ಪ್ರತಿ ವಾರ ತಪ್ಪದೆ, ನಾವೆಲ್ಲಾರೂ ಓದಿದ್ವಿ ಎಂದು ಬರೆಯುತ್ತಿದ್ದರು. ಆದರೆ ಓದಿದವರ ಸಂಖ್ಯೆ ಮೂರಕ್ಕೆ ಬಂದು ನಿಂತುಬಿಟ್ಟಿತ್ತು. ಕೌಸಲ್ಯಾ ತಡೆಯಲಾರದೆ ಅವರ ಕಚೇರಿಗೆ ಫೋನ್ ಮಾಡಿದಳು.

“ಎಲ್ಲಾರೂ ಅಂದ್ರೆ ಯಾರು ಮುರಿಗೆಪ್ಪನವರೆ?”

“ನಮ್ಮ ಕ್ವಾರ್ಟರ್ಸ್ ಮಂದಿರೀ. ನಾ ಇಲ್ಲಿ ಪ್ರಿಂಟ್ ತಗೊಂಡ ಹೋಗ್ತೀನಿ. ಸೋಮವಾರ ಸಂಜೀಕ ಮೆಟ್ಲ ಮ್ಯಾಲೆ ಕೂಡ್ತೀವಿ. ಒಂದು ಇಪ್ಪತ್ತು ಮಂದಿ ಅದೀವ್ರಿ.”

“ಇಪ್ಪತ್ತು ಜನ ಓದ್ತೀರಾ? ಇಲ್ಲಿ ಮೂರು ಅಂತ ತೋರಿಸ್ತಿದೆಯಲ್ಲ.”

“ಅವರು ಓದೂದಿಲ್ರಿ ಅಕ್ಕಾರ. ನಾ ಓದ್ತೀನಿ, ಅವರು ಕೇಳ್ತಾರ.”

ಇಪ್ಪತ್ತು ಜನ ಇದ್ದಾರೆಂಬ ಸಂತೋಷ ಒಂದು ಕಡೆ, ಅವರು ಲೆಕ್ಕಕ್ಕೆ ಸಿಗುವುದಿಲ್ಲವೆಂಬ ಸಂಕಟ ಇನ್ನೊಂದು ಕಡೆ. ಸರಿಯಾಗಿ ಆ ವಾರವೇ ನೌಶೇರ್ ಅವರ ನೋಟೀಸ್ ಬಂತು. ಯಂತ್ರದಲ್ಲಿ ಜಾಗ ತುಂಬಿದೆ, ಹತ್ತು ಜನ ಓದುಗರೂ ಇಲ್ಲದ ಮೂಲೆಗಳನ್ನು ತಿಂಗಳ ಕೊನೆಗೆ ತೆಗೆದುಹಾಕಲಾಗುವುದು. ಕೌಸಲ್ಯಾ ಇದನ್ನು ಮುರಿಗೆಪ್ಪನವರಿಗೆ ತಿಳಿಸಿದಳು.

“ಚಿಂತಿ ಮಾಡಬ್ಯಾಡ್ರಿ. ನಮ್ಮ ಮಂದಿಗೆ ಹೇಳ್ತೀನಿ,” ಎಂದರು ಅವರು.

ಏನು ಹೇಳುತ್ತಾರೆ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಮುರಿಗೆಪ್ಪ ಬೋರ್ಡಿನ ಫೋನ್ ನಂಬರನ್ನು ಮೆಟ್ಟಿಲ ಮೇಲಿನ ಮಂದಿಗೆಲ್ಲ ಹಂಚಿದರು. ಫೋನ್ ಮಾಡಿದರೆ ಹಾಜರಿ ಬೀಳುತ್ತದೆ ಎಂದು ಅವರು ಪ್ರಾಮಾಣಿಕವಾಗಿ ತಿಳಿದಿದ್ದರು. ಭಾನುವಾರ ಬೆಳಿಗ್ಗೆ ಆಂಟಾಪ್ ಹಿಲ್ಲಿನ ಪಿಸಿಓ ಫೋನ್ ಬೂತಿನ ಮುಂದೆ ಸಾಲು ನಿಂತಿತು. ಒಬ್ಬೊಬ್ಬರೇ ನಂಬರ್ ತಿರುಗಿಸಿ, ಆ ಕಡೆಯಿಂದ ಕೀಂ ಎಂದದ್ದಕ್ಕೆ, ನಾವು ಅಮ್ಮಣ್ಣಿ ಕಥಿ ಕೇಳವ್ರು, ಬರಕೋರಿ ಎಂದು ಹೆಸರು ಸಹಿತ ಹೇಳಿ ಫೋನ್ ಇಟ್ಟರು. ಕೇಳಿಸಲಿಲ್ಲವೇನೋ ಎಂದು ಕೆಲವರು ಎರಡನೇ ಸಲ ಸಾಲಿನಲ್ಲಿ ನಿಂತರು. ಬೆಳಗಿನ ಹೊತ್ತಿನಲ್ಲಿ ಬೇರೆ ಒಬ್ಬರಿಗೂ ಬೋರ್ಡ್ ಸಿಗಲಿಲ್ಲ. ಪ್ರಿಂಟರಿನ ಆ ಮುಲುಂದಿನವರ ಚೆಸ್ ಆಟವೂ ಗೆಲ್ಲುವ ನಡೆಯಲ್ಲಿ ನಿಂತಿತ್ತಂತೆ.

ಹತ್ತಕ್ಕೆ ಕೌಸಲ್ಯಾಳ ಫೋನ್ ಬಡಿದುಕೊಂಡಿತು.

“ಡಿಕ್ರಾ,” ಎಂದರು ನೌಶೇರ್, ದಣಿದ ದನಿಯಲ್ಲಿ. “ನನ್ನ ಮಷೀನ್ ಬೆಳಿಗ್ಗೆಯಿಂದ ಯಾರ ಜೊತೆ ಜಗಳ ಆಡ್ತಿದೆ ಅಂತ ನಿನಗೇನಾದರೂ ಗೊತ್ತಾ?”

ಅವಳು ಕ್ಷಮೆ ಕೇಳಿ, ಮರುದಿನ ಮುರಿಗೆಪ್ಪನವರಿಗೆ ಫೋನ್ ಮಾಡಿದಳು.

“ನಮೂದ ಆತೇನ್ರಿ?” ಎಂದು ಅವರೇ ಮೊದಲು ಕೇಳಿದರು.

“ಆಗಲಿಲ್ಲ. ಈಗಲೂ ಮೂರೇ.”

“ಅದು ಭಾಳ ಒದರತದ್ರಿ. ಬಸಲಿಂಗವ್ವ ಅಂತೂ ಅದರ ಕೂಡ ಬಾಯಿ ಮಾಡೇ ಬಂದಳು.”

ಕೌಸಲ್ಯಾ ಫೋನ್ ಇಟ್ಟಳು.

ಮುಂದಿನ ಶನಿವಾರ ಮನೆಯಲ್ಲಿ ಒಂದು ಘಟನೆ ನಡೆಯಿತು. ಅಮ್ಮಣ್ಣಿಯವರು ಪಾಯಸಕ್ಕೆಂದು ದೊಡ್ಡ ಪಾತ್ರೆ ತುಂಬ ಹಾಲಿಟ್ಟಿದ್ದರು. ಆಗಲೇ ಸೇವಂತಿಯ ಅಣ್ಣನ ಫೋನ್ ಬಂತು. ಸೇವಂತಿ ತುಳುವಿನಲ್ಲಿ ಮಾತಾಡುವುದನ್ನು ಅರ್ಥವಾಗದಿದ್ದರೂ ನಿಂತು ಕೇಳುವುದು ಅಮ್ಮಣ್ಣಿಯವರ ಅಭ್ಯಾಸ. ಹಾಲು ಉಕ್ಕಿ, ಒಲೆ ಆರಿಸಿ, ಕಟ್ಟೆಯಿಂದ ಇಳಿದು ಹಾಲ್‌ವರೆಗೂ ಹರಿಯಿತು. ಇಸ್ತ್ರಿ ಪ್ಯಾಂಟ್ ಹಾಕಿಕೊಂಡು ಹೊರಟಿದ್ದ ಜಯಸಿಂಹ ಅದರಲ್ಲಿ ಜಾರಿ ಕೂತ. ಕೂತವನು ಬಹಳ ಹೊತ್ತು ಮಾತಾಡಲಿಲ್ಲ. ಹಾಲು ಚೆಲ್ಲಿದ್ದು ಅಪಶಕುನವೆಂದು ಅಮ್ಮಣ್ಣಿಯವರು ಅತ್ತರು. ನೆಲ ಒರೆಸುತ್ತಲೇ ಕೌಸಲ್ಯಾಗೆ ಹರಟೆ ಹೊಳೆಯಿತು.

ಭಾನುವಾರ ಅಪರೂಪಕ್ಕೆ ಮೊದಲ ಸಲಕ್ಕೇ ಬೋರ್ಡ್ ಸಿಕ್ಕಿತು. ಅವಳು ಬಡಬಡನೆ ಶುರುಮಾಡಿದಳು. “ನಿನ್ನೆ ನಮ್ಮ ಮನೆಯೆಲ್ಲ ಹಾಲು. ಒಲೆ ಆರಿಹೋಯಿತು. ಅತ್ತೆ ಅಳುತ್ತಿದ್ದಾರೆ. ಇವರು ನೆಲ ಹಿಡಿದವರು ಮಾತೇ ಆಡಲಿಲ್ಲ.” ಮುಂದಿನ ಸಾಲು ಬರೆಯುವಷ್ಟರಲ್ಲಿ ಅಮ್ಮಣ್ಣಿಯವರು ರಿಸೀವರ್ ಎತ್ತಿದರು. ಪರದೆಯ ತುಂಬ ಕಸ ಹರಡಿ ಲೈನ್ ತುಂಡಾಯಿತು. ಬೋರ್ಡಿಗೆ ಹೋದದ್ದು ಅಷ್ಟೇ. ಮತ್ತೆ ಫೋನ್ ಮಾಡೋಣವೆಂದರೆ ಈ ಸಲ ಫೋನು ನಿಜವಾಗಿಯೂ ಸತ್ತಿತ್ತು.

“ನಾನು ಹೇಳ್ತಿರಲಿಲ್ಲವೇ?” ಎಂದರು ಅಮ್ಮಣ್ಣಿಯವರು, ಬಹು ದಿನದ ಅನುಮಾನ ನಿಜವಾದ ಸಮಾಧಾನದಲ್ಲಿ.

ಕಂಪ್ಲೇಂಟ್ ಬರೆಸಿದ್ದಾಯಿತು. ಸೋಮವಾರ, ಮಂಗಳವಾರ ಫೋನ್ ಇಲ್ಲ. ಬುಧವಾರ ಸರ್ಕಾರಿ ರಜೆ. ಕೌಸಲ್ಯಾಗೂ ರಜೆ. ಜಯಸಿಂಹ ಚೀಲ ಹಿಡಿದು ತರಕಾರಿಗೆ ಹೋಗಿದ್ದ. ಬೆಲ್ ಆಯಿತು. ಅಮ್ಮಣ್ಣಿಯವರು ಬಾಗಿಲು ತೆರೆದರೆ ಗುರುತಿಲ್ಲದ ಮೂವರು ನಿಂತಿದ್ದರು. ಬಿಳಿ ಅಂಗಿಯ ಒಬ್ಬ ಗಂಡಸು, ಪಕ್ಕದಲ್ಲಿ ಹೆಂಡತಿಯಂತೆ ಕಾಣುವವರು, ಕೈಯಲ್ಲಿ ಬಟ್ಟೆಯ ಗಂಟು ಹಿಡಿದ ಒಬ್ಬ ಮುದುಕಿ. ಮುದುಕಿ ಗಂಟನ್ನು ಕೆಳಗಿಟ್ಟು ಅಮ್ಮಣ್ಣಿಯವರ ಎರಡೂ ಕೈ ಹಿಡಿದುಕೊಂಡಳು.

“ಧೈರ್ಯ ಬಿಡಬ್ಯಾಡ್ರಿ ಯವ್ವಾ. ಹೋದದ್ದು ಹೋತು.”

“ಏನು ಹೋಯಿತು? ಯಾರಮ್ಮ ನೀವು?”

“ನಿಮ್ಮ ಮಗ ಮಾತ ಬಿಟ್ಟಾರಂತ ಕೇಳಿದ್ವಿ,” ಎಂದರು ಗಂಡಸು ತಲೆ ತಗ್ಗಿಸಿ.

ಅರ್ಧ ಗಂಟೆಯ ಹಿಂದೆ ಚೀಲ ಹಿಡಿದು ಇಳಿದುಹೋದ ಮಗನನ್ನು ನೆನೆದು ಅಮ್ಮಣ್ಣಿಯವರು ಗೋಡೆ ಹಿಡಿದು ಕುಸಿದರು. ಸದ್ದಿಗೆ ಕೌಸಲ್ಯಾ ಒದ್ದೆ ಕೈಯಲ್ಲೇ ಓಡಿಬಂದಳು. ಅದೇ ಹೊತ್ತಿಗೆ ಜಯಸಿಂಹ ಮೆಟ್ಟಿಲು ಹತ್ತಿ ಬಂದ. ತನ್ನ ಬಾಗಿಲಲ್ಲಿ ಗುಂಪು, ಗಾಬರಿಬಿದ್ದ ಹೆಂಗಸರು, ನೆಲದ ಮೇಲೆ ತಾಯಿ. ಹೀರೇಕಾಯಿಯ ಚೀಲ ಅವನ ಕೈಯಿಂದ ಜಾರಿತು.

“ಯಾರಿಗೆ ಏನಾಯಿತು?” ಎಂದ.

“ಮಾತಾಡ್ತಾರಲ್ಲ,” ಎಂದಳು ಮುದುಕಿ.

ಎಲ್ಲರನ್ನೂ ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಕಾಫಿ ಮಾಡುವವರೆಗೂ ಗೊಂದಲ ತೀರಲಿಲ್ಲ. ಬಂದವರು ಮುರಿಗೆಪ್ಪ, ಅವರ ಹೆಂಡತಿ ರುದ್ರವ್ವ, ಪಕ್ಕದ ಮನೆಯ ಬಸಲಿಂಗವ್ವ. ಸೋಮವಾರ ಬೋರ್ಡಿನಲ್ಲಿ ನೋಡಿದ್ದನ್ನು ಓದಿ ಇಡೀ ಮೆಟ್ಟಿಲು ಕಂಗಾಲಾಗಿತ್ತಂತೆ. ಫೋನ್ ಮಾಡಿದರೆ ಹೋಗುತ್ತಿರಲಿಲ್ಲ. ನೌಶೇರ್ ಅವರನ್ನು ಕಾಡಿ ವಿಳಾಸ ಪಡೆದು, ರಜೆಯ ದಿನ ಬಸ್ಸು, ಲೋಕಲ್ ಹಿಡಿದು ಬಂದಿದ್ದರು. ಮುರಿಗೆಪ್ಪ ಜೇಬಿನಿಂದ ಪ್ರಿಂಟ್ ಮಾಡಿದ ಕಾಗದ ಬಿಡಿಸಿದರು.

“ನೋಡ್ರಿ ಅಕ್ಕಾರ, ನೀವ ಬರದೀರಿ. ಎಚ್ಚು, ಎ, ಎಲ್ಲು, ಯು. ಮನಿಯೆಲ್ಲ ಹಾಳು.”

“ಹಾಲು ಮುರಿಗೆಪ್ಪನವರೆ. ಕುಡಿಯೋ ಹಾಲು.”

ಅವರು ಕಾಗದವನ್ನು ಸ್ವಲ್ಪ ದೂರ ಹಿಡಿದು ನೋಡಿದರು.

“ಹಂಗಾದ್ರ ಒಲಿ ಆರಿದ್ದು?”

“ಹಾಲು ಉಕ್ಕಿ.”

“ಇವರು ನೆಲಾ ಹಿಡದದ್ದು?”

“ಹಾಲಿನ ಮೇಲೆ ಜಾರಿ.”

ಜಯಸಿಂಹ ಸೊಂಟ ಮುಟ್ಟಿ ತಲೆಯಾಡಿಸಿದ. ರುದ್ರವ್ವ ಗಂಡನ ಕಡೆ ತಿರುಗಿದರು. “ನೆಟ್ಟಗ ಓದ್ರಿ ಅಂತ ನಾ ಅವತ್ತ ಬಡಕೊಂಡೆ,” ಎಂದರು. ಆಮೇಲೆ ಕೌಸಲ್ಯಾಗೆ, “ಅಲ್ಲ ತಂಗೀ, ನಿಮಗ ಇರಾಕ ಜಾಗಾ ಇಲ್ಲಂದ್ರ ಅಂತ ನಮ್ಮ ಮನ್ಯಾಗ ಒಂದು ಖೋಲಿ ಖಾಲಿ ಮಾಡಿಸಿ ಬಂದೀನಿ,” ಎಂದರು.

ಕೌಸಲ್ಯಾಗೆ ನಗು ಬಂತು. ಆದರೆ ಆ ಮಾತಿನ ಮುಂದೆ ನಗಲಾಗಲಿಲ್ಲ. ಸರ್ಕಾರಿ ಕ್ವಾರ್ಟರ್ಸಿನ ಎರಡು ಖೋಲಿಯಲ್ಲಿ ಒಂದನ್ನು ಖಾಲಿ ಮಾಡುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು.

ಇತ್ತ ಬಸಲಿಂಗವ್ವ ಅಮ್ಮಣ್ಣಿಯವರನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದಳು. “ನೀವ ಖರೇ ಅಮ್ಮಣ್ಣಿಯವರಲ್ಲೇನ್ರಿ? ನಿಮ್ಮನ್ನ ನೋಡಬೇಕಂತ ಭಾಳ ದಿವಸ ಆಗಿತ್ತು.”

“ನಿಮಗೆ ನಾನು ಹೇಗೆ ಗೊತ್ತು?”

“ಗೊತ್ತಿಲ್ಲೇನು? ಸೊಸಿ ಮ್ಯಾಲೆ ಸಿಟ್ಟು ಬಂದ್ರ ಸಾರಿಗೆ ಉಪ್ಪು ಹಾಕದ ಸುಮ್ಮ ಕೂಡ್ತೀರಲ್ಲ, ಅದನ್ನ ಕೇಳಿ ನಾವು ಹೊಟ್ಟಿ ಹಿಡಕೊಂಡ ನಕ್ಕೀವಿ.”

ಅಮ್ಮಣ್ಣಿಯವರು ಕಾಫಿ ಲೋಟ ಕೆಳಗಿಟ್ಟು ಸೊಸೆಯ ಮುಖ ನೋಡಿದರು. ಅವಳಿಗೆ ಫೋನಾದರೂ ಬಡಿದುಕೊಳ್ಳಬಾರದೇ ಅನ್ನಿಸಿತು. ಅದು ಸತ್ತಿತ್ತು.

“ಇವಳು ನನ್ನ ಮೇಲೆ ಬರೀತಾಳೆ ಅಂತಾಯಿತು,” ಎಂದರು ಅಮ್ಮಣ್ಣಿಯವರು. “ಓದಿ, ನೋಡೋಣ.”

ಮುರಿಗೆಪ್ಪನವರ ಚೀಲದಲ್ಲಿ ಹಳೆಯದೆಲ್ಲ ಇತ್ತು. ಅವರು ಗಂಟಲು ಸರಿಮಾಡಿಕೊಂಡು, ಮೆಟ್ಟಿಲ ಮೇಲೆ ಓದುವ ಹಾಗೆಯೇ ರಾಗವಾಗಿ ಶುರುಮಾಡಿದರು. ತನ್ನ ಬರಹವನ್ನು ಇನ್ನೊಬ್ಬರ ಬಾಯಲ್ಲಿ ಕೌಸಲ್ಯಾ ಮೊದಲ ಸಲ ಕೇಳಿದ್ದು ಹೀಗೆ.

“ಅತ್ತೆ ಬಳೆ ಹೆಚ್ಚಿ ಪಲ್ಯ ಮಾಡಿದರು,” ಎಂದು ಓದಿದರು ಮುರಿಗೆಪ್ಪ.

“ಬಾಳೆ. ಬಾಳೆಕಾಯಿ.”

“ಆಮೇಲೆ ಕಾಳು ಚಾಚಿ ಕೂತರು.”

“ಕಾಲು ಚಾಚಿ. ನೀವು ಅಲ್ಲೂ ಹೀಗೇ ಓದಿದಿರಾ?”

“ಹಿಂಗ ಓದೀನ್ರಿ. ಕಾಳು ಹಸನ ಮಾಡಾಕ ಕುಂತಾರ ಅಂತ ತಿಳಕೊಂಡ್ವಿ. ಯಾರಿಗೂ ತಪ್ಪು ಅನಸಲಿಲ್ಲ.”

ಸ್ವಲ್ಪ ಮುಂದೆ ಹೋದ ಮೇಲೆ, ಅಮ್ಮಣ್ಣಿಯವರು ಬೊರಿವಲಿ ಸ್ಟೇಷನ್ನಿನಲ್ಲಿ ಟಿಕೆಟ್ ಚೆಕರನಿಗೆ ಕೊಡೆಯಿಂದ ಹೊಡೆದ ಪ್ರಸಂಗ ಬಂತು. ಕೌಸಲ್ಯಾ ಎದ್ದು ಕೂತಳು.

“ಇದನ್ನ ನಾನು ಬರೆದೇ ಇಲ್ಲ.”

“ಇಲ್ರಿ,” ಎಂದರು ಮುರಿಗೆಪ್ಪ ಸಂಕೋಚವಿಲ್ಲದೆ. “ಅದನ್ನ ನಾ ಹಚ್ಚೀನಿ. ಆ ವಾರ ನಿಮ್ಮದು ಸಣ್ಣದಾಗಿತ್ತು. ಮಂದಿ ದೂರದಿಂದ ಬಂದು ಕುಂತಿರ್ತಾರ.”

“ಅದಕ್ಕೇ ಎಲ್ಲಾಕಿಂತ ಹೆಚ್ಚು ನಕ್ಕಿದ್ವಿ,” ಎಂದು ಬಸಲಿಂಗವ್ವ ಸೇರಿಸಿದಳು.

ಕೌಸಲ್ಯಾ ಇಷ್ಟು ದಿನ ಕಾದು ಪಡೆದ ಓದುಗರು ಇವರು. ಅವರು ಕೇಳಿದ್ದರಲ್ಲಿ ಅವಳು ಬರೆದದ್ದು ಎಷ್ಟು ಎಂದು ಯೋಚಿಸಿ ಫಲವಿರಲಿಲ್ಲ.

ಅಮ್ಮಣ್ಣಿಯವರು ಒಂದು ಸಲವೂ ನಗದೆ ಕೇಳಿದರು. ಉಪ್ಪಿನ ಹರಟೆ ಮುಗಿದ ಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, “ಉಪ್ಪು ಹಾಕದೇ ಬಿಟ್ಟಿದ್ದು ಸಿಟ್ಟಿಗಲ್ಲ,” ಎಂದರು.

ಮುರಿಗೆಪ್ಪ ಕಾಗದ ಮಡಚಿದರು.

“ಡಬ್ಬಿಯಲ್ಲಿರೋದು ಉಪ್ಪೋ ಸಕ್ಕರೆಯೋ ಕಾಣಲಿಲ್ಲ. ಈಚೆಗೆ ಕಣ್ಣು ಮಂಜು. ಬಾಯಿಗೆ ಹಾಕಿ ನೋಡೋಣ ಅಂದ್ರೆ ದೇವರಿಗೆ ಇನ್ನೂ ನೈವೇದ್ಯ ಆಗಿರಲಿಲ್ಲ. ಹೆಚ್ಚುಕಮ್ಮಿ ಆಗೋದಕ್ಕಿಂತ ಬಿಟ್ಟುಬಿಡೋದು ವಾಸಿ ಅಂತ ಬಿಟ್ಟೆ. ಆಮೇಲೆ ಹೇಳೋಕೆ ನಾಚಿಕೆಯಾಗಿ ಸುಮ್ಮನೆ ಕೂತೆ.” ಸೊಸೆಯ ಕಡೆ ತಿರುಗಿ, “ನನ್ನ ಕೇಳಿದ್ದರೆ ಹೇಳ್ತಿದ್ದೆ,” ಎಂದರು.

“ಯಾಕಮ್ಮ ಮೊದಲೇ ಹೇಳಲಿಲ್ಲ?” ಎಂದ ಜಯಸಿಂಹ.

“ಎಲ್ಲರಿಗೂ ಕೆಲಸ. ಇವಳು ಭಾನುವಾರ ಒಂದು ದಿನ ಮನೇಲಿದ್ದರೆ ಅದರ ಮುಂದೆ ಕೂತಿರ್ತಾಳೆ.”

ವಾರ ವಾರ ಅತ್ತೆಯನ್ನು ಅಷ್ಟು ಸೂಕ್ಷ್ಮವಾಗಿ ನೋಡುತ್ತಿದ್ದೇನೆಂದು ಕೌಸಲ್ಯಾ ಹೆಮ್ಮೆ ಪಟ್ಟಿದ್ದಳು. ಈಗ ಅವಳಿಗೆ ಮುಖ ಎತ್ತಲಾಗಲಿಲ್ಲ. ಪುಣ್ಯಕ್ಕೆ ರುದ್ರವ್ವ ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ದುಃಖದ ಮನೆಯಲ್ಲಿ ಯಾರು ಅಡುಗೆ ಮಾಡಿರುತ್ತಾರೆ ಎಂದು ಕಟ್ಟಿಕೊಂಡು ಬಂದದ್ದು. ಎಲ್ಲರೂ ಕೂತು ಉಂಡರು. ತಮ್ಮ ನೆರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡವರ ವಿಷಯವನ್ನೆಲ್ಲ ಬಸಲಿಂಗವ್ವ ಅಮ್ಮಣ್ಣಿಯವರಿಗೆ ಊಟದುದ್ದಕ್ಕೂ ಹೇಳಿದಳು.

ತಿಂಗಳ ಕೊನೆಗೆ ನೌಶೇರ್ ಕನ್ನಡ ಕಾರ್ನರನ್ನು ತೆಗೆದುಹಾಕಿದರು. ಆ ಜಾಗ ಚೆಸ್ ಆಡುವವರಿಗೆ ಹೋಯಿತು. ಅವರೇ ಫೋನ್ ಮಾಡಿ ಬೇಜಾರು ಮಾಡಿಕೊಳ್ಳಬೇಡ ಎಂದರು. “ಪ್ರಿಂಟರ್ ಬಗ್ಗೆ ನೀನು ಬರೆದದ್ದನ್ನೆಲ್ಲ ಉಳಿಸಿದ್ದೀನಿ ಡಿಕ್ರಾ. ನನ್ನ ಬೋರ್ಡಿನಲ್ಲಿ ಅತಿ ಹೆಚ್ಚು ಜನ ಓದೋದು ಅದನ್ನೇ.”

ಕೌಸಲ್ಯಾ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು.

ಅಮ್ಮಣ್ಣಿಯವರಿಗೆ ಚಳಿಗಾಲದಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಅಷ್ಟರೊಳಗೆ ಮುರಿಗೆಪ್ಪನವರ ಎರಡು ಪತ್ರ ಬಂದಿದ್ದವು. ಬೋರ್ಡ್ ಇಲ್ಲದಿದ್ದರೇನು, ಕಾಗದದ ಮೇಲೆ ಕನ್ನಡದಲ್ಲೇ ಬರೆದು ಅಂಚೆಗೆ ಹಾಕಿ, ಹಾಲು ಹಾಳು ಎಂಬ ತಕರಾರೇ ಬೇಡ ಎಂದು. ಕೌಸಲ್ಯಾ ಪೆನ್ನು ಹಿಡಿದಳು. ಬರೆದದ್ದನ್ನು ಸ್ಟೇಷನ್ ಹತ್ತಿರ ಜೆರಾಕ್ಸ್ ಮಾಡಿಸಿ ಕಳಿಸಿದಳು. ಆಂಟಾಪ್ ಹಿಲ್ಲಿನಿಂದ ಅದು ಇನ್ನೊಂದು ಕಾಲೊನಿಗೆ ಹೋಯಿತು. ಕೊನೆಗೆ ಭಾಂಡುಪಿನಲ್ಲಿ ಅವಳ ಕಂಪನಿಯದೇ ಸ್ಟೋರಿನ ಒಬ್ಬ ಗುಮಾಸ್ತರು ಅದರ ಮಾಸಿದ ಪ್ರತಿಯೊಂದನ್ನು ತೋರಿಸಿ, ಮೇಡಂ, ನೀವು ಕನ್ನಡದವರಲ್ವ, ಇದನ್ನು ಓದಿ, ಚೆನ್ನಾಗಿದೆ ಎಂದರು. ನಾನೇ ಬರೆದದ್ದು ಎಂದಳು. ಅವರು ನಕ್ಕು, ಇದು ಆಂಟಾಪ್ ಹಿಲ್ಲಿನ ಮುರಿಗೆಪ್ಪನವರದು ಎಂದು ಅವಳಿಗೇ ತಿಳಿಸಿ ಹೇಳಿದರು.

ಮನೆಯಲ್ಲಿ ಈಗ ಅಂಚೆಗೆ ಹೋಗುವ ಮೊದಲು ಎಲ್ಲವನ್ನೂ ಅತ್ತೆಗೆ ಓದಿ ಹೇಳಬೇಕು. ಇದು ಸುಳ್ಳು, ಇದು ನಾಚಿಕೆಗೇಡು, ಇದನ್ನು ಸೇವಂತಿ ಕೇಳಿದರೆ ನೊಂದುಕೊಳ್ಳುತ್ತಾಳೆ ಎಂದು ಅರ್ಧ ಅಲ್ಲೇ ಹಾರಿಹೋಗುತ್ತಿತ್ತು. ಟಿಕೆಟ್ ಚೆಕರನ ಪ್ರಸಂಗವನ್ನು ಮಾತ್ರ ಅಮ್ಮಣ್ಣಿಯವರು ನೀನೂ ಬರೆ ಎಂದರು. ಅದು ನಡೆದೇ ಇಲ್ಲವಲ್ಲ ಎಂದು ಕೌಸಲ್ಯಾ ಗೋಗರೆದಳು. ಓದುಗರ ಪತ್ರಗಳೂ ಬರತೊಡಗಿದವು. ವಿಳಾಸದಲ್ಲಿ ಅಮ್ಮಣ್ಣಿಯವರ ಹೆಸರಿರುತ್ತಿತ್ತು.

ಬೇಸಿಗೆ ಶುರುವಾದ ಮೇಲೆ, ಸ್ವತಃ ಬಂದು ಓದಬೇಕೆಂದು ಆಂಟಾಪ್ ಹಿಲ್ಲಿನಿಂದ ಕರೆ ಬಂತು. ಅತ್ತೆ ಸೊಸೆ ಇಬ್ಬರೂ ಹೋದರು. ಮೆಟ್ಟಿಲ ತುಂಬ ಜನ. ಅಮ್ಮಣ್ಣಿಯವರಿಗೆ ಕುರ್ಚಿ ಹಾಕಿದ್ದರು. ಹೆಂಗಸರು ಸಾಲಾಗಿ ಬಂದು ಅವರ ಕಣ್ಣು ಹೇಗಿದೆ ಎಂದು ವಿಚಾರಿಸಿದರು. ಮುರಿಗೆಪ್ಪ ಎದ್ದು ಸಭೆಗೆ ಪರಿಚಯ ಮಾಡಿಕೊಟ್ಟರು.

“ಇವರು ಅಮ್ಮಣ್ಣಿಯವರು, ನಿಮಗೆಲ್ಲ ಗೊತ್ತ ಅದಾರ. ಮಗ್ಗಲಿಗೆ ನಿಂತವರು ಅವರ ಸೊಸಿ.”

ಜನ ಚಪ್ಪಾಳೆ ತಟ್ಟಿದರು. ಕೌಸಲ್ಯಾ ಕಾಗದ ಬಿಡಿಸಿ ಓದಲು ನಿಂತಳು. ಮೊದಲ ವಾಕ್ಯಕ್ಕೇ ನಗು ಬಂತು. ಎರಡನೆಯದಕ್ಕೆ ಇನ್ನೂ ಜೋರಾಗಿ. ಇಂಗ್ಲಿಷ್ ಅಕ್ಷರವಿಲ್ಲ, ಕೀಂ ಎನ್ನುವ ಡಬ್ಬಿ ಇಲ್ಲ, ತಾನು ಬರೆದ ಮಾತು ತಾನು ಬರೆದ ಹಾಗೆಯೇ ಅವರ ಕಿವಿಗೆ ಹೋಗುತ್ತಿದೆ. ಅವಳ ದನಿ ಗಟ್ಟಿಯಾಯಿತು. ಮೂರನೆಯ ಪ್ಯಾರಾ ಹಿಡಿಯುವಷ್ಟರಲ್ಲಿ ಕೆಳಗಿನಿಂದ ಯಾರೋ, ನೀರು ಬಂತು ಎಂದು ಕೂಗಿದರು. ಮೆಟ್ಟಿಲ ಮೇಲಿದ್ದ ಹೆಂಗಸರೆಲ್ಲ ಒಟ್ಟಿಗೆ ಎದ್ದು ಕೊಡ, ಬಕೆಟ್ಟುಗಳಿಗೆ ಓಡಿದರು. ಬಸಲಿಂಗವ್ವನೂ ಹೋದಳು.

“ಇವತ್ತ ಲಗೂ ಬಂತಲ್ಲ,” ಎಂದರು ಮುರಿಗೆಪ್ಪ. “ತುಂಬಿಸಿಕೊಂಡ ಬರ್ತಾರ್ರಿ, ಅರ್ಧಾ ತಾಸು. ಅಲ್ಲೀತನಕ ನಾ ಏನರೆ ಹೇಳಲೇನ್ರಿ?”

“ಬೇಡ,” ಎಂದಳು ಕೌಸಲ್ಯಾ. “ನೀವೇನೂ ಹೇಳಬೇಡಿ. ಕಾಯ್ತೀನಿ.”

ನಿಲ್ಲಿಸಿದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ನೋಡುತ್ತ ನೋಡುತ್ತ ಅಲ್ಲೊಂದು ಪದ ಸರಿಯಾಗಿಲ್ಲ ಅನ್ನಿಸಿತು. ಚೀಲದಿಂದ ಪೆನ್ನು ತೆಗೆದು ತಿದ್ದತೊಡಗಿದಳು.